ರಾತ್ರಿಗೂ ಒಬ್ಬ ಹೊಣೆಗಾರ ಬೇಕು

ಪ್ರಿಯ ಗೆಳತಿ,

ನಿಮ್ಮ ಕಾಗದ ತಲುಪಿತು. ಮನೆಯ ಹಿಂಬದಿಯ ಕಟ್ಟಡದ ಮಹಡಿಯ ಮೇಲೆ ಬಾರ್ ಶುರುವಾದಂದಿನಿಂದ ಅಮ್ಮನಿಗೆ ನಿದ್ದೆಯಿಲ್ಲ ಎಂದು ಬರೆದಿದ್ದೀರಿ. ಮಗಳು ರಾತ್ರಿ ಪಾಳಿ ಮುಗಿಸಿ ಬರುವ ಹೊತ್ತಿಗೆ ಬೀದಿಯಲ್ಲಿ ಒಂದೆರಡು ಅಂಗಡಿ ತೆರೆದಿದ್ದರೆ, ನಾಲ್ಕು ಜನ ಓಡಾಡುತ್ತಿದ್ದರೆ ಎದೆ ಹಗುರವಾಗುತ್ತದೆ ಎಂದೂ ಬರೆದಿದ್ದೀರಿ. ದೂರು ಕೊಟ್ಟರೆ ಹಳೇ ಕಾಲದವರು ಅನ್ನಿಸಿಕೊಳ್ಳಬೇಕು, ಕೊಡದಿದ್ದರೆ ಅಮ್ಮನ ಮುಖ ನೋಡಲಾಗುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ದೇಶದ ನಗರಗಳೆಲ್ಲ ಆಡುತ್ತಿರುವ ಜಗಳ ನಿಮ್ಮ ಒಂದೇ ಮನೆಯೊಳಗೆ ಬಂದು ಕೂತಿದೆ.

ದೂರು ಖಂಡಿತ ಕೊಡಿ. ಆದರೆ ಯಾವುದರ ಮೇಲೆ, ಯಾರಿಗೆ, ಹೇಗೆ ಎಂಬುದು ಮುಖ್ಯ. ಅದನ್ನು ಹೇಳಲು ಕೇರಳದ ಎರಡು ನಗರಗಳ ಸಂಗತಿ ತೆಗೆದುಕೊಳ್ಳುತ್ತೇನೆ. ನಮ್ಮ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಗೋಜಲಾಗಿರುವುದು ಅಲ್ಲಿ ಕೆಲವೇ ತಿಂಗಳಲ್ಲಿ ನಡೆದುಹೋದದ್ದರಿಂದ, ಯಾವ ಎಳೆ ಎಲ್ಲಿ ತಪ್ಪಿತೆಂದು ಸ್ಪಷ್ಟವಾಗಿ ಕಾಣುತ್ತದೆ.

ತಿರುವನಂತಪುರ ಬೇಗ ಮಲಗುವ ಊರು ಎಂದೇ ಹೆಸರಾಗಿತ್ತು. ಸರ್ಕಾರಿ ನೌಕರರು, ದೇವಸ್ಥಾನ, ಸೆಕ್ರೆಟರಿಯೇಟ್, ರಾತ್ರಿ ಒಂಬತ್ತಕ್ಕೆಲ್ಲ ಎಳೆದುಕೊಳ್ಳುವ ಶಟರ್‌ಗಳು. ಅಲ್ಲಿ ವೆಳ್ಳಯಂಬಲದ ಬಳಿ, ಆಲ್ತರ ಜಂಕ್ಷನ್ ಕಡೆಗೆ ಮರಗಳ ನೆರಳಿನಲ್ಲಿ ಸಾಗುವ ಪುಟ್ಟ ರಸ್ತೆಯೊಂದಿದೆ: ಮಾನವೀಯಂ ವೀಥಿ. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಗೆ ಕೇಳಿಸೀತು, ಅಷ್ಟೇ ಉದ್ದ. ನಾಟಕದವರು, ಹಾಡುವವರು, ಚಿತ್ರ ಬರೆಯುವವರು ಎರಡು ದಶಕಗಳಿಂದ ಅಲ್ಲಿ ಸಂಜೆ ಸೇರುತ್ತಿದ್ದರು. ಸ್ಮಾರ್ಟ್ ಸಿಟಿ ಯೋಜನೆಯಡಿ ಅದನ್ನು ಹೊಸದಾಗಿ ಕಟ್ಟಿ, 2023ರಲ್ಲಿ ರಾತ್ರಿ ಬದುಕಿನ ಬೀದಿಯಾಗಿ ತೆರೆದರು. ಅದು ಬಾರ್‌ಗಳ ಬೀದಿಯಲ್ಲ. ಜನ ಬಂದದ್ದು ಹಾಡಲು, ತಿನ್ನಲು, ಸುಮ್ಮನೆ ಕಲ್ಲುಬೆಂಚಿನ ಮೇಲೆ ಕೂರಲು. ಮಕ್ಕಳನ್ನು ಕಟ್ಟಿಕೊಂಡು ಸಂಸಾರಗಳೇ ಬಂದವು. ರಾತ್ರಿ ಹೊರಗೆ ಬರಲು ಕಾರಣವೇ ಇಲ್ಲದಿದ್ದ ಊರಿಗೆ ಒಂದು ಕಾರಣ ಸಿಕ್ಕಿತು.

ಆ ಸಂತೋಷ ಹೆಚ್ಚು ದಿನ ನಿಲ್ಲಲಿಲ್ಲ. ಆ ವರ್ಷದ ಕೊನೆಯಲ್ಲಿ, ರಾಜ್ಯ ಸರ್ಕಾರದ ಕೇರಳೀಯಂ ಉತ್ಸವದ ಆಸುಪಾಸಿನಲ್ಲೇ, ಅಲ್ಲಿ ಹೊಡೆದಾಟಗಳಾದವು. ಒಬ್ಬ ಯುವಕನನ್ನು ಥಳಿಸುವ ವೀಡಿಯೊ ಎಲ್ಲರ ಫೋನಿಗೂ ಬಂತು. ತಡರಾತ್ರಿಯವರೆಗಿನ ಸದ್ದಿನ ಬಗ್ಗೆ ಅಕ್ಕಪಕ್ಕದ ಮನೆಯವರ ದೂರುಗಳೂ ಇದ್ದವು. ಪೊಲೀಸರು ಬ್ಯಾರಿಕೇಡ್ ತಂದರು. ಧ್ವನಿವರ್ಧಕಕ್ಕೆ ಮಿತಿ, ಕಾರ್ಯಕ್ರಮಕ್ಕೆ ಮುಂಚಿತ ನೋಂದಣಿ, ನಡುರಾತ್ರಿಯ ಹೊತ್ತಿಗೆ ಜಾಗ ಖಾಲಿ ಎಂಬ ನಿಯಮಗಳನ್ನು ಮುಂದಿಟ್ಟರು. ರಾತ್ರಿ ಬದುಕು ಬೇಡವೆಂದಲ್ಲ, ಕ್ರಮ ಬೇಕು ಎಂದರು ಆಳುವವರು. ಬೀದಿ ಪೊಲೀಸರ ಕೈಗೆ ಹೋಯಿತು ಎಂದು ನೊಂದರು ಕಲಾವಿದರು.

ನನ್ನನ್ನು ಕಾಡಿದ್ದು ಹೊಡೆದಾಟವಲ್ಲ. ಸಾವಿರಾರು ಯುವಕರು ಸೇರುವ ಕಡೆ ಜಗಳ ಆಗುತ್ತದೆ, ಹಗಲಿನ ಜಾತ್ರೆಯಲ್ಲೂ ಆಗುತ್ತದೆ. ಜಗಳವಾದ ಮರುದಿನ ಅಲ್ಲಿ ಉತ್ತರ ಹೇಳಲು ಪೊಲೀಸರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲವಲ್ಲ, ಅದು ಕಾಡಿತು. ಬೀದಿ ಕಟ್ಟಿಸಿದ್ದು ಒಂದು ಇಲಾಖೆ, ಹುರಿದುಂಬಿಸಿದ್ದು ಪ್ರವಾಸೋದ್ಯಮ, ಕಸ ಮತ್ತು ಪರವಾನಗಿ ಪಾಲಿಕೆಯದ್ದು, ಮದ್ಯ ಅಬಕಾರಿಯದ್ದು, ಶಬ್ದದ ಅಳತೆ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು. ಇವರಲ್ಲಿ ಬಹುಪಾಲು ಜನ ಸಂಜೆ ಮನೆಗೆ ಹೋಗುತ್ತಾರೆ. ರಾತ್ರಿ ಹನ್ನೊಂದಕ್ಕೆ ದೂರು ಕೇಳಲು ಎಚ್ಚರವಿರುವುದು ಪೊಲೀಸ್ ಠಾಣೆ ಒಂದೇ, ಮತ್ತು ಭಾರತದಲ್ಲಿ ಪೊಲೀಸರು ಮೇಯರ್ ಮಾತಿಗೆ ಬದ್ಧರಲ್ಲ, ರಾಜ್ಯ ಸರ್ಕಾರಕ್ಕೆ ಬದ್ಧರು. ಲಾಠಿ, ಬ್ಯಾರಿಕೇಡು ಬಿಟ್ಟು ಬೇರೆ ಸಾಧನ ಕೊಡದೆ ಇಡೀ ರಾತ್ರಿಯನ್ನು ಅವರ ತಲೆಗೆ ಕಟ್ಟಿದರೆ ಅವರು ಮುಚ್ಚಿಸುತ್ತಾರೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೊಚ್ಚಿಯಲ್ಲೂ ಹೀಗೇ. ಮೆರೈನ್ ಡ್ರೈವ್ ಎಂದರೆ ಎರ್ನಾಕುಳಂನ ಜನಸಾಮಾನ್ಯರ ಅಂಗಳ. ದುಡ್ಡಿಲ್ಲದವನೂ ಹಿನ್ನೀರಿನ ಗಾಳಿಗೆ ಮೈಯೊಡ್ಡಿ ಕೂರಬಹುದಾದ ಜಾಗ. ಅಲ್ಲಿನ ಕಸ, ಕತ್ತಲೆ, ಪುಂಡಾಟದ ದೂರುಗಳು ಹೆಚ್ಚಿದಾಗ, 2023ರಲ್ಲಿ ಕೊಚ್ಚಿ ಅಭಿವೃದ್ಧಿ ಪ್ರಾಧಿಕಾರ ಜಿಸಿಡಿಎ ಮತ್ತು ಪಾಲಿಕೆ ಸೇರಿ, ರಾತ್ರಿ 10ರಿಂದ ಬೆಳಗಿನ 5ರವರೆಗೆ ಕಾಲುದಾರಿಗೆ ಪ್ರವೇಶ ಬೇಡ ಎಂದು ನಿರ್ಧರಿಸಿದವು. ದೀಪ ಹಾಕುವುದು, ಕಸ ಎತ್ತುವುದು, ಕಾವಲು ಇಡುವುದು ಕಷ್ಟದ ಕೆಲಸ. ಬಾಗಿಲು ಹಾಕುವುದು ಸುಲಭ.

2024ರ ನವೆಂಬರ್‌ನಲ್ಲಿ ಪಕ್ಕದ ತೃಕ್ಕಾಕರ ನಗರಸಭೆಯಿಂದ ಇನ್ನೂ ದೊಡ್ಡ ಮಾತು ಬಂತು. ಅಲ್ಲಿನ ಕಾಕ್ಕನಾಡ್ ಸುತ್ತ ಮಾದಕ ವಸ್ತುಗಳ ಹಾವಳಿ ಹೆಚ್ಚಾಗಿದೆ, ಆದ್ದರಿಂದ ರಾತ್ರಿ 11ರಿಂದ ಬೆಳಗಿನ 4ರವರೆಗೆ ತಿಂಡಿ ಅಂಗಡಿಗಳನ್ನು ಆರು ತಿಂಗಳು ಪ್ರಯೋಗವಾಗಿ ಮುಚ್ಚಬೇಕು ಎಂಬ ಪ್ರಸ್ತಾಪ. ಇನ್ಫೋಪಾರ್ಕ್ ಎಂಬ ಐಟಿ ಪಾರ್ಕ್ ಇರುವುದು ಅಲ್ಲೇ. ಅಮೆರಿಕದ ಗಡಿಯಾರಕ್ಕೆ ದುಡಿಯುವ ಹುಡುಗ ಹುಡುಗಿಯರಿಗೆ ರಾತ್ರಿ ಎರಡು ಗಂಟೆ ಎಂದರೆ ಊಟದ ಹೊತ್ತು. ತಟ್ಟುಕಡ ಎನ್ನುವ ಬೀದಿಬದಿಯ ತಿಂಡಿ ಅಂಗಡಿಯ ದೋಸೆ, ಆಮ್ಲೆಟ್, ಹಾಲಿಲ್ಲದ ಕಟ್ಟನ್ ಚಹಾ ಅವರ ಪಾಲಿಗೆ ಮೋಜಲ್ಲ. ಐಟಿ ನೌಕರರ ಸಂಘಟನೆಗಳು ಪ್ರತಿಭಟಿಸಿದವು. ಅವರ ವಾದ ನನಗೆ ಪೂರಾ ಒಪ್ಪಿಗೆ. ಗಾಂಜಾ ಮಾರುವವನಿಗೆ ಬೇಕಾದದ್ದು ಕತ್ತಲೆ ಮತ್ತು ನಿರ್ಜನ ಬೀದಿ. ಅಂಗಡಿಯ ದೀಪ, ಒಲೆಯ ಮುಂದೆ ನಿಂತ ಗಂಡಹೆಂಡಿರು, ಸಾಲಿನಲ್ಲಿ ಕಾಯುವ ಗಿರಾಕಿಗಳು ಅವನಿಗೆ ತೊಡಕು. ಅಂಗಡಿ ಮುಚ್ಚಿಸಿ ನಾವು ಅವನಿಗೇ ಅನುಕೂಲ ಮಾಡಿಕೊಡುತ್ತೇವೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನೂ ನಿಜ. 2019ರ ಡಿಸೆಂಬರ್ 29ರ ರಾತ್ರಿ ಕೇರಳದ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯೇ ಹೆಂಗಸರನ್ನು ಬೀದಿಯಲ್ಲಿ ನಡೆಯಲು ಕರೆದಿತ್ತು, ಸಾರ್ವಜನಿಕ ಜಾಗ ನಮ್ಮದೂ ಹೌದು ಎಂದು ಸಾರಲು. ನಿಮ್ಮ ಮಗಳಿಗೆ ಅಂಥದೊಂದು ವಿಶೇಷ ರಾತ್ರಿ ಸಾಲದು, ದಿನಾ ತೆರೆದಿರುವ ಒಂದು ಚಹಾ ಅಂಗಡಿ ಬೇಕು.

ಈಗ ಅಮ್ಮನ ಕಡೆಗೆ ಬರುತ್ತೇನೆ. ಕೊಚ್ಚಿಯ ಪನಂಪಿಳ್ಳಿ ನಗರ ನೋಡಿದರೆ ನಿಮಗೆ ನಿಮ್ಮ ಇಂದಿರಾನಗರವೇ ನೆನಪಾಗುತ್ತದೆ. ಜಿಸಿಡಿಎ ವಾಸಕ್ಕೆಂದು ರೂಪಿಸಿದ ಬಡಾವಣೆ. ಅಗಲ ರಸ್ತೆ, ಸಾಲುಮರ, ಒಂಟಿ ಮನೆಗಳು. ಬರಬರುತ್ತ ಮನೆಗಳು ಬಟ್ಟೆ ಅಂಗಡಿಗಳಾದವು, ಕೆಫೆಗಳಾದವು. ಇಂಥ ಕಡೆ ರಾತ್ರಿಯ ಕಾಟ ಹೆಚ್ಚಾಗಿ ಅಂಗಡಿಯ ಒಳಗಿನದಲ್ಲ, ಹೊರಗಿನದು: ಗೇಟಿಗೆ ಅಡ್ಡ ನಿಲ್ಲಿಸಿದ ಕಾರು, ಸೈಲೆನ್ಸರ್ ಬಿಚ್ಚಿದ ಬೈಕು, ಬೀಳ್ಕೊಡುಗೆಯ ಕೂಗಾಟ, ಬೆಳಿಗ್ಗೆ ಕಾಂಪೌಂಡಿನ ಮೇಲೆ ಕುಳಿತ ಪ್ಲಾಸ್ಟಿಕ್ ಲೋಟ. ಎಲ್ಲವೂ ಒಂದೇ ಗಂಟೆಗೆ ಮುಚ್ಚಿದರೆ ಇಡೀ ಗುಂಪು ಒಮ್ಮೆಗೇ ಬೀದಿಗೆ ಬೀಳುತ್ತದೆ ಎಂಬುದನ್ನೂ ಗಮನಿಸಿ. ಅಷ್ಟರಲ್ಲಿ ಮೆಟ್ರೋ ನಿಂತಿರುತ್ತದೆ. ಹೋಗಲು ವಾಹನವಿಲ್ಲದ ಗುಂಪು ನಿಮ್ಮ ಕಿಟಕಿಯ ಕೆಳಗೇ ಕಾಯುತ್ತದೆ.

ನಿಮ್ಮದು ಮಹಡಿಯ ಮೇಲಿನ ಸಂಗೀತದ ತೊಂದರೆ. ಅದಕ್ಕೆ ಕಾನೂನು ಖಚಿತವಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಮಿತಿ 45 ಡೆಸಿಬೆಲ್, ವಾಣಿಜ್ಯ ಪ್ರದೇಶದಲ್ಲಿ 55. ಆ ಹೊತ್ತಿನಲ್ಲಿ ಧ್ವನಿವರ್ಧಕ ಬಳಸಬಹುದಾದದ್ದು ಮುಚ್ಚಿದ ಸಭಾಂಗಣದಂಥ ಕಡೆ, ಅದೂ ಒಳಗಿನವರಿಗಷ್ಟೇ. ತೆರೆದ ಮಹಡಿ ಮುಚ್ಚಿದ ಜಾಗವಲ್ಲ. ಇದು ಕೇರಳಕ್ಕೂ ಒಂದೇ, ಕರ್ನಾಟಕಕ್ಕೂ ಒಂದೇ. ಬೆಂಗಳೂರಿನಲ್ಲಿ ಇನ್ನೊಂದು ಅಸ್ತ್ರವೂ ಇದೆ: ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪೊಲೀಸ್ ಪರವಾನಗಿ ಬೇಕೆನ್ನುವ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆಗ ನಗರದ ಎಷ್ಟೋ ಪಬ್‌ಗಳಲ್ಲಿ ಸಂಗೀತವೇ ನಿಂತಿತ್ತು. 2024ರಲ್ಲಿ ಸರ್ಕಾರ ಬಾರು, ರೆಸ್ಟೊರೆಂಟುಗಳ ಹೊತ್ತನ್ನು ರಾತ್ರಿ ಒಂದರವರೆಗೆ ವಿಸ್ತರಿಸಿದಾಗಲೂ ಶಬ್ದದ ನಿಯಮ ಒಂದಿಷ್ಟೂ ಸಡಿಲವಾಗಲಿಲ್ಲ. ಬಾಗಿಲು ಒಂದರವರೆಗೆ ತೆರೆದಿರಬಹುದು, ಸ್ಪೀಕರ್ ಹಾಗಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಅಧಿಕಾರಿಗಳ ಮೀಟರ್ ಅಳೆಯುವುದು ಮನುಷ್ಯನ ಕಿವಿಗೆ ಹೊಂದಿಸಿದ ಮಾಪಕದಲ್ಲಿ. ತೀರ ಕೆಳಸ್ಥಾಯಿಯ ಸದ್ದಿಗೆ ಅದು ಕಡಿಮೆ ಅಂಕ ಕೊಡುತ್ತದೆ. ಗೋಡೆ ದಾಟಿ ಬಂದು ಅಮ್ಮನ ಮಂಚವನ್ನು ನಡುಗಿಸುವ ಆ ಗುದ್ದು, ಬೇಸ್ ಅನ್ನುತ್ತಾರಲ್ಲ, ಅದೇ ಅಲ್ಲಿ ಮುಚ್ಚಿಹೋಗುತ್ತದೆ. ಬಂದವರು ಮೀಟರ್ ನೋಡಿ ಎಲ್ಲ ಸರಿಯಿದೆ ಎಂದರೆ ಅಮ್ಮ ಸುಳ್ಳು ಹೇಳುತ್ತಿದ್ದಾರೆಂದು ಅರ್ಥವಲ್ಲ. ಬೇಸ್ ತಗ್ಗಿಸಿ, ಸ್ಪೀಕರ್ ಮುಖ ರಸ್ತೆಯ ಕಡೆ ತಿರುಗಿಸಿ, ನೆಲಕ್ಕೆ ರಬ್ಬರ್ ಹಾಸಿ ಎಂದು ಬಾರಿನವರನ್ನು ಒಂದೊಂದನ್ನೂ ಹೆಸರಿಸಿ ಕೇಳಿ. ಬಾರ್ ನಡೆಸುವವರಲ್ಲಿ ಬಹಳ ಜನ ಇಷ್ಟಕ್ಕೆ ಒಪ್ಪುತ್ತಾರೆ. ಪರವಾನಗಿ ಕಳೆದುಕೊಳ್ಳುವುದಕ್ಕಿಂತ ಇದು ಅಗ್ಗ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ. ಸದ್ದಿನ ದೂರಿನ ಬೆನ್ನಿಗೆ ನಡತೆಯ ದೂರು ಅಂಟಿಕೊಂಡು ಬರುತ್ತದೆ. ಸಂಘದ ಸಭೆಯಲ್ಲಿ ಯಾರೋ ಎದ್ದು, ಹುಡುಗಿಯರು ಎಂಥ ಬಟ್ಟೆ ಹಾಕುತ್ತಾರೆ, ಯಾರ ಪಕ್ಕ ಕೂರುತ್ತಾರೆ ಎಂದು ಶುರು ಮಾಡುತ್ತಾರೆ. ಕೊಚ್ಚಿಯ ಅದೇ ಮೆರೈನ್ ಡ್ರೈವ್‌ನಲ್ಲಿ 2017ರ ಮಹಿಳಾ ದಿನದಂದು ಶಿವಸೇನೆಯವರು ಬೆತ್ತ ಹಿಡಿದು ಜೋಡಿಗಳನ್ನು ಓಡಿಸಿದರು. ನಾವು ಅಷ್ಟು ದೂರ ಹೋಗಬೇಕಿಲ್ಲ. 2009ರ ಜನವರಿಯ ಮಂಗಳೂರು ಪಬ್ ದಾಳಿಯನ್ನು ನೀವೂ ನಾನೂ ಟೀವಿಯಲ್ಲಿ ನೋಡಿದವರು. ಅಮ್ಮನ ನಿದ್ದೆಯ ನ್ಯಾಯವಾದ ಬೇಡಿಕೆಯನ್ನು ಅಂಥವರ ಕೈಗೆ ಕೊಡಬೇಡಿ. ದೂರಿನಲ್ಲಿ ಗಂಟೆ, ಸದ್ದು, ಅಡ್ಡ ನಿಂತ ವಾಹನ, ಕಸ ಇಷ್ಟೇ ಇರಲಿ. ಒಳಗೆ ಯಾರಿದ್ದರು ಎಂಬುದು ನಮಗೆ ಬೇಡದ ವಿಷಯ.

ನಗರ ಸರ್ಕಾರ ಏನು ಮಾಡಬೇಕಿತ್ತು ಎಂದು ನೀವು ಕೇಳಬಹುದು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರಾತ್ರಿಗೆಂದೇ ಒಬ್ಬ ಮೇಯರ್ ಇದ್ದಾರೆ. ಅಧಿಕಾರ ಕಡಿಮೆ, ಕ್ಲಬ್ಬಿನವರು, ಮನೆಯವರು, ಪಾಲಿಕೆ, ಪೊಲೀಸರನ್ನು ಒಂದೇ ಮೇಜಿಗೆ ಕೂರಿಸುವುದು ಕೆಲಸ. ಅಲ್ಲಿನ ಗದ್ದಲದ ರೆಂಬ್ರಾಂಟ್ ಚೌಕದಲ್ಲಿ ವಾರಾಂತ್ಯದ ರಾತ್ರಿಗಳಲ್ಲಿ ಪೊಲೀಸರಲ್ಲದ ಸಹಾಯಕರು ಕೆಂಪು ಅಂಗಿ ತೊಟ್ಟು ಓಡಾಡಿ, ಕೂಗುವವರನ್ನು ಮೆತ್ತಗೆ ಸಮಾಧಾನಪಡಿಸಿ ಮನೆಗೆ ಕಳಿಸುವ ಏರ್ಪಾಡು ಮಾಡಿದರು. ನ್ಯೂಯಾರ್ಕಿನ ಪಾಲಿಕೆಯಲ್ಲೂ ರಾತ್ರಿ ಬದುಕಿಗೊಂದು ಕಚೇರಿ ಇದೆ. ಇದು ಶ್ರೀಮಂತ ದೇಶಗಳಿಗೆ ಮಾತ್ರ ಎನ್ನಬೇಡಿ. ತಿರುವನಂತಪುರ ಪಾಲಿಕೆಯ ಆರೋಗ್ಯ ವಿಭಾಗ ಕದ್ದು ಕಸ ಸುರಿಯುವವರನ್ನು ಹಿಡಿಯಲು ರಾತ್ರಿ ಗಸ್ತು ತಂಡಗಳನ್ನು ಕಳಿಸಿದೆ. ಕಸಕ್ಕಾಗಿ ಎಚ್ಚರವಿರಬಲ್ಲ ಪಾಲಿಕೆ ಮಾನವೀಯಂ ವೀಥಿಗೂ ಒಬ್ಬ ಅಧಿಕಾರಿಯನ್ನು ಎಚ್ಚರವಾಗಿಡಬಹುದಿತ್ತು. ಸುತ್ತಲಿನ ಮನೆಗಳ ಹತ್ತಿರ ಅವನ ಫೋನ್ ನಂಬರ್ ಇರಬೇಕಿತ್ತು. ಹಾಡುವವರು ಅವನ ಮುಖ ಗುರುತು ಹಿಡಿಯುವಂತಿರಬೇಕಿತ್ತು. ಆಗ ಎಷ್ಟೋ ತಕರಾರು ಠಾಣೆಯ ಮೆಟ್ಟಿಲು ಹತ್ತುವ ಮುಂಚೆಯೇ ಮುಗಿಯುತ್ತಿದ್ದವು.

2025ರ ಡಿಸೆಂಬರ್‌ನ ಚುನಾವಣೆಯಲ್ಲಿ ಕೇರಳದ ಈ ಎರಡೂ ನಗರಗಳ ಪಾಲಿಕೆಗಳಲ್ಲಿ ಅಧಿಕಾರ ಕೈ ಬದಲಾಗಿದೆ. ಪಕ್ಷ ಬದಲಾದರೆ ರಾತ್ರಿ ಬದಲಾಗುತ್ತದೆಂದು ನಾನು ನಂಬಿಲ್ಲ. ಅಲ್ಲಿ ನಿವಾಸಿಗಳ ಸಂಘಗಳು ಗಟ್ಟಿಯಾಗಿವೆ. ತಿರುವನಂತಪುರದ ಫ್ರಾಟ್, ಎರ್ನಾಕುಳಂನ ಎಡ್ರಾಕ್ ದೊಡ್ಡ ಒಕ್ಕೂಟಗಳು. ಅವು ಮುಚ್ಚಿಸಿ ಎನ್ನುವ ಬದಲು, ಇಂಥ ಷರತ್ತಿನ ಮೇಲೆ ತೆರೆಯಿರಿ, ಷರತ್ತು ಕಾಯಲು ಇಂಥವರನ್ನು ನೇಮಿಸಿ ಎಂದು ಹಟ ಹಿಡಿದರೆ ದೇಶಕ್ಕೇ ದಾರಿ ತೋರಿಸಿಯಾವು.

ನಮ್ಮಲ್ಲೂ ಈಗ ಅವಕಾಶವಿದೆ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಐದು ಪಾಲಿಕೆಗಳಾಗಿದೆ, ಕಾನೂನಿನಲ್ಲಿ ವಾರ್ಡ್ ಸಮಿತಿಗಳಿಗೆ ಜಾಗವಿದೆ. ಬಾರಿನ ಮಾಲೀಕರನ್ನು ಮೊದಲು ಹಗಲಲ್ಲಿ ಹೋಗಿ ಕಂಡು ಮಾತಾಡಿ. ಕೇಳದಿದ್ದರೆ ದಿನಾಂಕ, ಗಂಟೆ ಬರೆದಿಟ್ಟು, ರಾತ್ರಿ ಹತ್ತರ ಮೇಲೆ ಸದ್ದಾದಾಗೆಲ್ಲ 112ಕ್ಕೆ ಕರೆ ಮಾಡಿ, ಲಿಖಿತ ದೂರನ್ನು ಠಾಣೆಗೂ ಮಾಲಿನ್ಯ ಮಂಡಳಿಗೂ ಪಾಲಿಕೆಗೂ ಕೊಡಿ. ವಾರ್ಡ್ ಸಮಿತಿ ಸೇರಿದ ದಿನ ಮಗಳನ್ನೂ ಕರೆದುಕೊಂಡು ಹೋಗಿ. ಮಹಡಿಯ ಸ್ಪೀಕರ್ ಹತ್ತಕ್ಕೆ ನಿಲ್ಲಲಿ ಎಂದು ನೀವು ಕೇಳಿ, ಮೂಲೆಯ ಚಹಾ ಅಂಗಡಿ ಎರಡರವರೆಗೆ ತೆರೆದಿರಲಿ ಎಂದು ಅವಳು ಕೇಳಲಿ. ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದು ಕೊಡಿ. ಏನಾಯಿತೆಂದು ನನಗೆ ತಿಳಿಸಿ.

ನಿಮ್ಮ ವಿಶ್ವಾಸಿ