ಸುಂಕದವನ ಮುಂದೆ 270 ರೂಪಾಯಿ

1/5

ಫೋಟೊದಾಗ ಇರೋದು ಒಂದು ಬಿಲ್ ಅಷ್ಟ. ಹೆಸರು, ನಂಬರ್ ಎಲ್ಲಾ ಅಳಿಸೀನಿ. ಉಳಿದ ಮೂರು ಸಾಲು ನೋಡ್ರಿ. ಪೈಪು, ನಳ, ಸಾಮಾನು: 1,500. ಜಿಎಸ್‌ಟಿ ಶೇ. 18: 270. ಒಟ್ಟು: 1,770.

ಈ ಬಿಲ್ ಮಾಡಿ ಕೊಟ್ಟಾಕಿ ನಾನ.

ಹೊಸದಾಗಿ ಫಾಲೋ ಮಾಡಿದವರಿಗೆ: ನಾನು ಕೊರ್ಲಹಳ್ಳಿಯವಳು, ತುಂಗಭದ್ರಾ ಹೊಳಿ ದಂಡಿ ಊರು, ಮುಂಡರಗಿ ತಾಲೂಕು. ಬಿಕಾಂ ಓದ್ತೀನಿ. ನಮ್ಮದು ಕ್ರೈಸ್ತ ಮನಿ. ರಜೆ ಇದ್ದಾಗ ಮಾಮಾನ ಹಾರ್ಡ್‌ವೇರ್ ಅಂಗಡಿಯಾಗ ಕಂಪ್ಯೂಟರ್ ಮುಂದ ಕೂಡ್ತೀನಿ.

ಒಂದಿನ ಮಧ್ಯಾಹ್ನ ಒಬ್ಬಾಕಿ ಆಯಿ ಬಂದಿದ್ಲು. ಮನಿ ಮುಂದ ನಳ ಹಾಕಿಸಬೇಕಂತ. ಪೈಪಿನ ರೇಟಿಗೆ ಹತ್ತು ನಿಮಿಷ ಜಗ್ಗಾಡಿ ಐವತ್ತು ರೂಪಾಯಿ ಕಡಿಮಿ ಮಾಡಿಸ್ಕೊಂಡ್ಲು. ಆಮೇಲೆ ನಾನು ಒಟ್ಟು ಹೇಳಿದೆ.

"ಈ ಇನ್ನೂರ ಎಪ್ಪತ್ತು ಯಾತರದ್ದವಾ?"

"ಅದು ಸರ್ಕಾರದ್ದು ಆಯಿ. ಜಿಎಸ್‌ಟಿ."

ಅಷ್ಟ. ಮರುಮಾತಿಲ್ಲ. ಎಲಿ ಅಡಿಕಿ ಸಂಚಿ ಬಿಚ್ಚಿ, ಎಣಿಸಿ ಕೊಟ್ಟು ಹೋದ್ಲು.

2/5

ಮುಂದಿನ ವಾರ ಕ್ಲಾಸಿನಾಗ ಕಂಪೋಸಿಷನ್ ಸ್ಕೀಮ್ ಪಾಠ. ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿವರೆಗೆ ವಹಿವಾಟು ಇರುವ ಸಣ್ಣ ವ್ಯಾಪಾರಿ ಇದನ್ನು ಆರಿಸಿಕೊಳ್ಳಬಹುದು. ವಹಿವಾಟಿನ ಮೇಲೆ ಶೇ. 1 ತೆರಿಗೆ, ಅದೂ ತನ್ನ ಜೇಬಿನಿಂದ. ಗಿರಾಕಿಯಿಂದ ಜಿಎಸ್‌ಟಿ ಅಂತ ಬೇರೆಯಾಗಿ ಒಂದು ಪೈಸೆಯನ್ನೂ ತಗೊಳ್ಳೋ ಹಾಗಿಲ್ಲ. ಹಾಗಂತ ಬಿಲ್ ಮೇಲೂ ಬರೆದಿರಬೇಕು.

ನಾನು ನೋಟ್ಸ್ ಬರೆಯೋದು ನಿಲ್ಲಿಸಿದೆ. ಯಾಕಂದ್ರ ಮಾಮಾಂದು ಕಂಪೋಸಿಷನ್ ಅಂಗಡಿ.

ಅಂದ್ರ ಆಯಿ ಕೊಟ್ಟ 270ರಾಗ ಸರ್ಕಾರಕ್ಕ ಹೋಗಿದ್ದು ಹೆಚ್ಚು ಕಡಿಮಿ 15 ರೂಪಾಯಿ. ಉಳಿದದ್ದು ನಮ್ಮ ಗಲ್ಲಾದಾಗ. "ಸರ್ಕಾರದ್ದು" ಅಂತ ಹೇಳಿದ ನನ್ನ ಮಾತು ಸುಳ್ಳು.

ಮಾಮಾಗ ಕೇಳಿದೆ. ಅಂವ ಕಳ್ಳ ಅಲ್ಲ, ಅದನ್ನ ಮೊದಲ ಹೇಳ್ತೀನಿ. "ನೋಡವಾ, ಹೋಲ್‌ಸೇಲ್‌ನವರಿಗೆ ನಾ 18 ಕೊಟ್ಟ ಮಾಲ್ ತರ್ತೀನಿ. ಕಂಪೋಸಿಷನ್‌ನಾಗ ಅದು ವಾಪಸ್ ಬರಂಗಿಲ್ಲ. ನಾ ಎಲ್ಲಿಂದ ತರ್ಲಿ?" ಅಂದ.

ಲೆಕ್ಕ ಖರೇ ಐತಿ. ಇನ್‌ಪುಟ್ ಕ್ರೆಡಿಟ್ ಸಿಗದಿದ್ದರೆ ಆ 18 ಅವನ ಖರ್ಚೇ. ಆದ್ರ ಖರ್ಚನ್ನ ರೇಟಿನಾಗ ಸೇರಿಸಬೇಕು, ಸರ್ಕಾರದ ಹೆಸರಿನಾಗ ಅಲ್ಲ. ಎರಡರಾಗೂ ಆಯಿ ಅಷ್ಟ ರೊಕ್ಕ ಕೊಡ್ತಿದ್ಲಲ್ಲ ಅಂತೀರೇನು? ಇಲ್ಲ. ರೇಟು ಅಂದ್ರ ಜಗ್ಗಾಡತಿದ್ಲು. ಐವತ್ತು ರೂಪಾಯಿಗೆ ಹತ್ತು ನಿಮಿಷ ನಿಂತಾಕಿ, 270ಕ್ಕ ಒಂದು ಮಾತು ಆಡಲಿಲ್ಲ. ಸರ್ಕಾರದ ಹೆಸರು ಹೇಳಿ ನಾವು ಆಕಿ ಬಾಯಿ ಮುಚ್ಚಿಸಿದ್ವಿ.

3/5

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಅನ್ನೋ ಗಾದಿ ನಿಮಗೆಲ್ಲಾ ಗೊತ್ತು. ಕನ್ನಡ ಬೈಬಲ್‌ನಾಗೂ ತೆರಿಗೆ ವಸೂಲಿ ಮಾಡೋರಿಗೆ ಇರೋ ಹೆಸರು ಅದೇ, ಸುಂಕದವರು. ರೋಮ್ ಸಾಮ್ರಾಜ್ಯದ ಪರವಾಗಿ ವಸೂಲಿ ಮಾಡ್ತಿದ್ದರು. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕಿತ್ತುಕೊಂಡು ಉಳಿದದ್ದು ತಾವು ಇಟ್ಟುಕೊಳ್ಳೋದು ನಡೀತಿತ್ತು, ಅದಕ್ಕ ಜನ ಅವರನ್ನ ದ್ವೇಷಿಸ್ತಿದ್ದರು. ಅವರು ಸ್ನಾನಿಕನಾದ ಯೋಹಾನನ ಹತ್ರ ಬಂದು ನಾವೇನು ಮಾಡಬೇಕು ಅಂತ ಕೇಳಿದಾಗ, ಕೆಲಸ ಬಿಡ್ರಿ ಅಂತ ಅಂವ ಹೇಳಲಿಲ್ಲ. ನೇಮಕ ಆಗಿದ್ದಕ್ಕಿಂತ ಹೆಚ್ಚಿಗೆ ತಗೋಬ್ಯಾಡ್ರಿ ಅಂದ.

ಜಕ್ಕಾಯನ ಕಥೆ ಸಂಡೇ ಸ್ಕೂಲಿನಾಗ ಎಷ್ಟು ಸಲ ಕೇಳೀನೋ. ಗಿಡ್ಡ ಮನುಷ್ಯ, ಯೇಸುನ್ನ ನೋಡಾಕ ಗಿಡ ಹತ್ತಿದ. ನಾವೆಲ್ಲಾ ಗಿಡ ಹತ್ತೋದು ಮಾತ್ರ ನೆನಪಿಟ್ಟೀವಿ. ಕೆಳಗ ಇಳಿದ ಮ್ಯಾಲ ಅಂವ ಬರೀ ಕಣ್ಣೀರು ಹಾಕಲಿಲ್ಲ, ಲೆಕ್ಕ ಮಾಡಿದ. ಆಸ್ತಿಯ ಅರ್ಧ ಬಡವರಿಗೆ, ಮೋಸ ಮಾಡಿ ತಗೊಂಡಿದ್ದರ ನಾಲ್ಕು ಪಟ್ಟು ವಾಪಸ್.

ನಮ್ಮ ಶರಣರಾಗೂ ಒಬ್ಬ ಸುಂಕದವರಿದ್ದರು, 12ನೇ ಶತಮಾನದ ಸುಂಕದ ಬಂಕಣ್ಣ. ಅಂದ್ರ ಸುಂಕದ ಕಟ್ಟಿ ಮ್ಯಾಲ ಕುಂತವರಿಗೂ ಬ್ಯಾರೆ ಥರ ಬದುಕಾಕ ಬರ್ತೈತಿ.

ನನಗೆ ನಿದ್ದಿ ಕೆಡಿಸಿದ್ದು ಇನ್ನೊಂದು. ಮಾಮಾ ಪ್ರತಿ ತಿಂಗಳು ತಪ್ಪದೆ ಸಭೆಗೆ ದಶಮಾಂಶ ಕೊಡ್ತಾನ. ಗಳಿಕೆಯ ಹತ್ತರಾಗ ಒಂದು ಪಾಲು. ಹಂಗಂದ್ರ ಆಯಿಯ ರೊಕ್ಕದಾಗೂ ದೇವರಿಗೆ ಒಂದು ಪಾಲು ಹೋಗೈತಿ. ಪುದೀನ, ಸೋಂಪಿನಾಗೂ ದಶಮಾಂಶ ಲೆಕ್ಕ ಹಾಕಿ ನ್ಯಾಯವನ್ನೇ ಬಿಟ್ಟವರನ್ನ ಯೇಸು ಬೈದಿದ್ದು ಯಾಕಂತ ನನಗೆ ಆವತ್ತು ತಿಳೀತು.

4/5

ಈಗ ನಮ್ಮ ಕ್ಲಾಸಿನವರಿಗೆ ಒಂದು ಮಾತು. ಬಸ್ಸಿನಾಗ ಹೆಣ್ಮಕ್ಕಳು ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ತಗೊಂಡಾಗ "ಟ್ಯಾಕ್ಸ್ ಕಟ್ಟೋರು ನಾವು, ಫ್ರೀ ಹೋಗೋರು ಅವ್ರು" ಅಂತ ಹಿಂದಿನ ಸೀಟಿನಾಗ ಯಾರರ ಅಂತಾರ. 2023ರ ಜೂನ್ 11ಕ್ಕ ಯೋಜನೆ ಶುರು ಆದಾಗಿಂದ ಕೇಳಾಕತ್ತೀನಿ.

ಆಯಿನೂ ಟ್ಯಾಕ್ಸ್ ಕಟ್ತಾಳ. ಸೋಪು, ಎಣ್ಣಿ, ಬಿಸ್ಕೀಟು, ಎಲ್ಲಾದರಾಗೂ. ತಿಂಗಳಿಗೆ 10,000 ಗಳಿಸೋ ಮನಿ ಮತ್ತ 1,00,000 ಗಳಿಸೋ ಮನಿ, ಎರಡೂ ಅದೇ ಸಾಮಾನು ತಂದು 50 ರೂಪಾಯಿ ಜಿಎಸ್‌ಟಿ ಕೊಟ್ಟವು ಅನ್ಕೋರಿ. ಮೊದಲನೇದಕ್ಕ ಅದು ಗಳಿಕೆಯ ಶೇ. 0.5, ಎರಡನೇದಕ್ಕ ಶೇ. 0.05. ಭಾರ ಹತ್ತು ಪಟ್ಟು. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್ ಮೇಲಿನ ತೆರಿಗೆ 18ರಿಂದ 5ಕ್ಕ ಇಳೀತು. ಭಾರ ಕಡಿಮಿ ಆತು, ಆದ್ರ ಸಾಹುಕಾರಗೂ ಆಯಿಗೂ ದರ ಒಂದ. ದೇವಾಲಯದ ಪೆಟ್ಟಿಗೆಗೆ ಎರಡು ಸಣ್ಣ ಕಾಸು ಹಾಕಿದ ವಿಧವೆಯೇ ಎಲ್ಲರಿಗಿಂತ ಹೆಚ್ಚು ಕೊಟ್ಟಳು ಅಂತ ಯೇಸು ಹೇಳಿದ. ಎಷ್ಟು ಕೊಟ್ಟಳು ಅಂತಲ್ಲ, ಕೊಟ್ಟ ಮೇಲೆ ಕೈಯಾಗ ಎಷ್ಟು ಉಳೀತು ಅಂತ ಅಂವ ನೋಡಿದ.

ನೇಮಕಕ್ಕಿಂತ ಹೆಚ್ಚು ಬ್ಯಾಡ ಅನ್ನೋ ಮಾತು ಸರ್ಕಾರಕ್ಕೂ ಸೇರಿದ್ದು. 2025ರ ಜುಲೈನಾಗ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ನೆನಪೈತಲ್ಲ? ಪಕ್ಕದ ಹಾವೇರಿಯಾಗ ತರಕಾರಿ ಮಾರೋರೊಬ್ಬರಿಗೆ 29 ಲಕ್ಷದ ನೋಟಿಸ್. ತಾಜಾ ತರಕಾರಿಗೆ ಜಿಎಸ್‌ಟಿನೇ ಇಲ್ಲ.

ಅಜ್ಜಿ ಸಣ್ಣಾಕಿ ಇದ್ದಾಗ ಶೇಂಗಾ ಹಕ್ಕಲ ಆಯಾಕ ಹೋಗ್ತಿದ್ಲಂತ. ಕೊಯ್ದ ಹೊಲದಾಗ ಉಳಿದದ್ದನ್ನ ಆರಿಸ್ಕೊಳ್ಳೋದು. ಮೋಶೆಯ ಧರ್ಮಶಾಸ್ತ್ರದಾಗೂ ಅದು ಐತಿ: ಹೊಲದ ಅಂಚಿನ ತನಕ ಕೊಯ್ಯಬ್ಯಾಡ, ಹಕ್ಕಲು ಬಡವರಿಗೆ, ಪರದೇಶಿಗಳಿಗೆ ಬಿಡು. ಮೋವಾಬಿನಿಂದ ಬಂದ ವಿಧವೆ ರೂತ್ ಹಂಗ ಬದುಕಿದ್ಲು. ಅದು ಭಿಕ್ಷೆ ಅಲ್ಲ. ಹೊಲದವನದೇ ಅಲ್ಲದ ಪಾಲು. ನ್ಯಾಯವಾದ ತೆರಿಗೆ ಅಂದ್ರ ನನಗೆ ಈಗ ಕಣ್ಣಿಗೆ ಬರೋದು ಆ ಹೊಲದ ಅಂಚು. ಶೂನ್ಯ ಟಿಕೆಟ್‌ನೂ ಅದ ಅಂಚಿನಾಗಿಂದ ಬಂದದ್ದು.

5/5

ಮಾಮಾ ನಾಲ್ಕು ದಿನ ನನ್ನ ಜೋಡಿ ಮಾತಾಡಲಿಲ್ಲ. ಐತವಾರ ಆರಾಧನೆ ಮುಗಿಸಿ ಬಂದು, "ಉದ್ರಿ ಖಾತೆ ಬುಕ್ ತಗೊಂಡ ಬಾ" ಅಂದ.

ಉದ್ರಿ ಗಿರಾಕಿಗಳದು ಸರಳ ಇತ್ತು. ಯಾರ ಹತ್ರ ಜಿಎಸ್‌ಟಿ ಅಂತ ಎಷ್ಟು ತಗೊಂಡಿತ್ತೋ ಅಷ್ಟು ಅವರ ಬಾಕಿಯಾಗ ಕಡಿದ್ವಿ. ರೊಕ್ಕ ಕೊಟ್ಟು ಹೋದವರು ಯಾರ್‍ಯಾರೋ ಗೊತ್ತಿಲ್ಲ. ಮತ್ತ ಜಿಎಸ್‌ಟಿ ಕಾಯ್ದೆಯ 76ನೇ ಕಲಂ ಪ್ರಕಾರ, ತೆರಿಗೆ ಅಂತ ಹೇಳಿ ಜನರಿಂದ ತಗೊಂಡಿದ್ದನ್ನ ಸರ್ಕಾರಕ್ಕ ಕಟ್ಟಲೇಬೇಕು. ಅಕೌಂಟೆಂಟ್ ಲೆಕ್ಕ ತಗೀತಾ ಇದ್ದಾರ. ಮಾಮಾಗ ಎರಡೂ ಕಡೆ ಹೊಡೆತ. ನಾಲ್ಕು ಪಟ್ಟು ಆಗಲಿಲ್ಲ, ಒಂದು ಪಟ್ಟಿಗೇ ಅವನ ಮುಖ ಬಾಡಿತ್ತು. ಜಕ್ಕಾಯಗ ಎಷ್ಟು ಸಂಕಟ ಆಗಿರಬಹುದು ಅಂತ ಆವತ್ತು ಮೊದಲ ಸಲ ಅನಿಸ್ತು.

ನೀವು ಮಾಡಬಹುದಾದದ್ದು ಒಂದು. ಬಿಲ್ ಮೇಲಿರೋ 15 ಅಕ್ಷರ-ಅಂಕಿಯ ಜಿಎಸ್‌ಟಿ ನಂಬರ್ (ಕರ್ನಾಟಕದ್ದು 29ರಿಂದ ಶುರು ಆಗ್ತೈತಿ) ಜಿಎಸ್‌ಟಿ ಪೋರ್ಟಲ್‌ನಾಗ ಹಾಕ್ರಿ. ರೆಗ್ಯುಲರ್ ಏನು ಕಂಪೋಸಿಷನ್ ಏನು ಅಂತ ತೋರಿಸ್ತೈತಿ. ಕಂಪೋಸಿಷನ್ ಇದ್ದು ಬಿಲ್‌ನಾಗ ಜಿಎಸ್‌ಟಿ ಬೇರೆ ಹಾಕಿದ್ರ, ಜಗಳ ಬ್ಯಾಡ, ಕೇಳ್ರಿ.

ಗಲ್ಲಾದಾಗ ಒಂದು ಕವರ್ ಐತಿ. ಮ್ಯಾಲ ಮಾಮಾನ ಅಕ್ಷರದಾಗ "ಪೈಪಿನ ಆಯಿ" ಅಂತ ಬರದೈತಿ. ಒಳಗ 270. ಆಕಿ ಹೆಸರು ನಾವು ಕೇಳಿರಲಿಲ್ಲ. ಇನ್ನೂ ಬಂದಿಲ್ಲ.

#ಕೊರ್ಲಹಳ್ಳಿ #ಮುಂಡರಗಿ #ಬಿಕಾಂ_ಡೈರಿ #ಸುಂಕ