ಗೋಲಿ ಯಾಕೆ ಉರುಳಿತು?

ನಾನು ಓದಿದ್ದು ಬಿ.ಎ., ಬಿ.ಎಡ್. ಅಶೋಕ, ಅಕ್ಬರ್ ಎಂದುಕೊಂಡೇ ತಲೆ ನರೆತವಳು. ಆದರೂ ವಿಜ್ಞಾನದ ಮೇಷ್ಟ್ರು ವಾರ ರಜೆ ಹಾಕಿದರೆ ಆ ಪೀರಿಯಡ್ಡುಗಳು ಬರುವುದು ನನ್ನ ತಲೆಗೇ. ಒಂಬತ್ತನೇ ತರಗತಿಗೆ ಅವರು ಗುರುತ್ವಾಕರ್ಷಣೆಯ ಪಾಠ ಮುಗಿಸಿದ್ದರು. ಮಕ್ಕಳನ್ನು ಸುಮ್ಮನೆ ಕೂರಿಸುವುದೇಕೆಂದು ನಾನು ಐನ್‌ಸ್ಟೈನರಿಗೇ ಕೈಹಾಕಿದೆ. ನನ್ನ ಧೈರ್ಯ ನೋಡಿ!

ಮನೆಯಿಂದ ಹಳೆಯ ನೈಲಾನ್ ಸೀರೆ ತಂದು, ನಾಲ್ವರು ಹುಡುಗಿಯರಿಗೆ ಬಿಗಿಯಾಗಿ ಹಿಡಿಯಲು ಹೇಳಿ, ನಡುವೆ ಶಾಟ್‌ಪುಟ್ ಗುಂಡು ಇಟ್ಟೆ. ಸೀರೆ ತಗ್ಗಾಯಿತು. ಗೋಲಿ ಬಿಟ್ಟರೆ ಉರುಳಿ ಗುಂಡಿನ ಪಕ್ಕ ಬಿತ್ತು. "ನೋಡಿ, ಸೂರ್ಯ ಎಳೆಯುವುದಿಲ್ಲ. ಅದರ ಸುತ್ತ ಆಕಾಶವೇ ಬಾಗಿರುತ್ತದೆ" ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ಹಿಗ್ಗಿದೆ.

ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. "ಮಿಸ್, ಗೋಲಿ ತಗ್ಗಿಗೆ ಹೋಗಿದ್ದು ಕೆಳಗಿಂದ ಭೂಮಿ ಎಳೀತಿರೋದಕ್ಕೆ ಅಲ್ವಾ? ಗುರುತ್ವ ಯಾಕಿದೆ ಅಂದ್ರೆ ಗುರುತ್ವ ಇರೋದಕ್ಕೆ ಅಂದ ಹಾಗಾಯ್ತು!"

"ಇದೆಲ್ಲ ಪರೀಕ್ಷೆಗೆ ಬರಲ್ಲ, ಕೂತ್ಕೋ" ಎಂದುಬಿಟ್ಟೆ. ಹುಡುಗಿಯಾಗಿದ್ದಾಗ ನಾನೇ ಎಷ್ಟು ಸಲ ಕೇಳಿಸಿಕೊಂಡ ಮಾತು ಅದು! ಅವಳು ಕೂತಳು. ಮರುದಿನವೂ ಬಾಯಿ ಬಿಡಲಿಲ್ಲ. ಅವಳು ಹೇಳಿದ್ದು ಸರಿ ಎಂದು ನನಗೆ ಆಗಲೇ ಗೊತ್ತಾಗಿತ್ತು, ನಿದ್ದೆ ಬಾರದ್ದಕ್ಕೆ ಅದೇ ಕಾರಣ.

ಎರಡು ರಾತ್ರಿ ಮಗನ ಹಳೆಯ ಪುಸ್ತಕಗಳನ್ನು ಕೆದಕಿದೆ. ಮೂರನೆಯ ದಿನ, "ಮೊನ್ನೆ ತಪ್ಪಿದ್ದು ನಾನು, ಅವಳಲ್ಲ" ಎಂದು ಎಲ್ಲರೆದುರು ಹೇಳಿ, ತಳದ ಬಳಿ ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿಯೊಂದಿಗೆ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದೆ. ಹಿಡಿದಿದ್ದಾಗ ನೀರು ಚಿಮ್ಮುತ್ತಿತ್ತು. ಮೆಟ್ಟಿಲ ಮೇಲಿಂದ ಕೈಬಿಟ್ಟರೆ, ಬೀಳುವಷ್ಟು ಹೊತ್ತೂ ಒಂದು ಹನಿ ಬರಲಿಲ್ಲ. "ಬಾಟ್ಲಿ, ನೀರು ಒಟ್ಟಿಗೇ ಬೀಳ್ತಿವೆ. ನೀರಿಗೆ ಭಾರವೇ ಇಲ್ಲ!" ಎಂದು ಹಿಂದಿನ ಬೆಂಚಿನವನೊಬ್ಬ ಕೂಗಿದ. 1907ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೂತಿದ್ದ ಐನ್‌ಸ್ಟೈನರಿಗೆ ಹೊಳೆದದ್ದೂ ಇದೇ: ಬೀಳುತ್ತಿರುವವನಿಗೆ ತನ್ನ ಭಾರ ತಿಳಿಯದು. ಅದರಿಂದ ಪೂರ್ತಿ ಸಿದ್ಧಾಂತಕ್ಕೆ ಬರಲು ಅವರಿಗೆ 1915ರ ತನಕ ಬೇಕಾಯಿತು, ಗಣಿತಕ್ಕೆ ಗೆಳೆಯ ಗ್ರಾಸ್‌ಮನ್ನರ ನೆರವೂ ಬೇಕಾಯಿತು ಎಂದಾಗ, ಗಣಿತದಲ್ಲಿ ಸದಾ ಪೆಟ್ಟು ತಿನ್ನುವವರ ಮುಖ ಅರಳಿದ್ದನ್ನು ನೋಡಬೇಕಿತ್ತು.

"ಹಾಗಾದ್ರೆ ಬಾಗೋದು ಏನು ಮಿಸ್?" ಕಿಟಕಿ ಪಕ್ಕದವಳೇ! ಸದ್ಯ, ಬಾಯಿ ಬಿಟ್ಟಳಲ್ಲ. ಜಾಗ ಮಾತ್ರವಲ್ಲ, ಕಾಲವೂ ಬಾಗುತ್ತದೆ, ನನ್ನ ಸೀರೆಯಲ್ಲಿ ಆ ಕಾಲವೇ ಇರಲಿಲ್ಲ ಎಂದೆ. ಫೋನಿನಲ್ಲಿ ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,000 ಕಿ.ಮೀ. ಮೇಲಿವೆ. ಅಲ್ಲಿ ಗುರುತ್ವ ಕಡಿಮೆಯಾದ್ದರಿಂದ ಗಡಿಯಾರ ಮುಂದೋಡುತ್ತದೆ, ವೇಗದಿಂದ ತುಸು ಹಿಂದೆ ಬೀಳುತ್ತದೆ. ಕೂಡಿಸಿ ಕಳೆದರೆ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ. ಅದನ್ನು ಸರಿಪಡಿಸದಿದ್ದರೆ ದಿನದೊಳಗೆ ದಾರಿ ಕಿಲೋಮೀಟರುಗಟ್ಟಲೆ ತಪ್ಪುತ್ತದೆ.

ಗಂಟೆ ಹೊಡೆಯಿತು. ಎಲ್ಲರೂ ಹೋದರೂ ಅವಳು ಬಾಟಲಿ ಹಿಡಿದು ನಿಂತಿದ್ದಳು. "ಮಿಸ್, ಮೇಲಕ್ಕೆ ಎಸೆದ್ರೆ?"

ನನಗೆ ಹೊಳೆದೇ ಇರಲಿಲ್ಲ. ಎಸೆದೆವು. ಕೈಬಿಟ್ಟ ಮೇಲೆ, ಮೇಲೇರುವಾಗಲೂ ತೂತಿನಿಂದ ಹನಿ ಬರಲಿಲ್ಲ. ಬಿದ್ದ ರಭಸಕ್ಕೆ ಮಾತ್ರ ನನ್ನ ಸೀರೆಯ ನೆರಿಗೆಯೆಲ್ಲ ಒದ್ದೆ.