ದಾರಿಯಿಲ್ಲದ ಬೆಟ್ಟದ ತುದಿಯಲ್ಲೊಂದು ಪುಸ್ತಕ

ಮುಳ್ಳಯ್ಯನಗಿರಿಗೋ ಕುಮಾರಪರ್ವತಕ್ಕೋ ಹೋದವರು ಕಾಲುದಾರಿ ಹಿಡಿದೇ ಹತ್ತಿರುತ್ತೀರಿ. ದಾರಿಯೇ ಇಲ್ಲದ ಬೆಟ್ಟಗಳನ್ನು ಹುಡುಕಿಕೊಂಡು ಹೋಗಿ ಹತ್ತುವವರೂ ಇದ್ದಾರೆ ಗೊತ್ತೇ, ಮಕ್ಕಳೇ?

ನ್ಯೂಯಾರ್ಕ್ ಎಂದರೆ ನಮಗೆ ನೆನಪಾಗುವುದು ಮುಗಿಲೆತ್ತರದ ಕಟ್ಟಡಗಳು. ಆ ನಗರದಿಂದ ಕಾರಿನಲ್ಲಿ ಉತ್ತರಕ್ಕೆ ಎರಡೂವರೆ ಗಂಟೆ ಹೋದರೆ ಕ್ಯಾಟ್‌ಸ್ಕಿಲ್ ಬೆಟ್ಟಸಾಲು ಸಿಗುತ್ತದೆ. ಅಲ್ಲಿನ ಅತಿ ಎತ್ತರದ ಸ್ಲೈಡ್ ಬೆಟ್ಟ ಸುಮಾರು 4,180 ಅಡಿ. ನಮ್ಮ ಮುಳ್ಳಯ್ಯನಗಿರಿಯ ಮೂರರಲ್ಲಿ ಎರಡು ಪಾಲು ಅಷ್ಟೆ! ಆದರೆ ತುದಿಯವರೆಗೂ ದಟ್ಟ ಕಾಡು. ಇಲ್ಲಿನ ಸರ್ಕಾರಿ ಕಾಡು ಎಂದೆಂದಿಗೂ ಕಾಡಾಗಿಯೇ ಇರಬೇಕು, ಅದನ್ನು ಮಾರಬಾರದು, ಮರ ಕಡಿಯಬಾರದು ಎಂದು 1894ರಲ್ಲೇ ಆ ರಾಜ್ಯದ ಸಂವಿಧಾನಕ್ಕೆ ಸೇರಿಸಿದ್ದಾರೆ. 1962ರಲ್ಲಿ ಶುರುವಾದ ಚಾರಣಿಗರ ಸಂಘವೊಂದು 3,500 ಅಡಿ ದಾಟಿದ ಶಿಖರಗಳ ಪಟ್ಟಿ ಇಟ್ಟಿದೆ. ಅವುಗಳಲ್ಲಿ ಹಲವಕ್ಕೆ ಗುರುತು ಹಾಕಿದ ದಾರಿಯಿಲ್ಲ.

ಮಗಳ ಮನೆಗೆ ಹೋಗಿದ್ದಾಗ ಒಂದು ಜುಲೈ ತಿಂಗಳಲ್ಲಿ ಅವಳು, ಅಳಿಯ, ಐದನೇ ಕ್ಲಾಸಿನ ಮೊಮ್ಮಗಳ ಜೊತೆ ನಾನೂ ಹ್ಯಾಲ್ಕಾಟ್ ಎಂಬ ಬೆಟ್ಟಕ್ಕೆ ಹೊರಟೆ. ನನಗಾಗ 71. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ, ಸಣ್ಣ ಜಲಪಾತದ ಪಕ್ಕದಲ್ಲಿ ಹಳ್ಳ ದಾಟಿದರೆ ಮುಗಿಯಿತು, ಮುಂದೆ ಬರೀ ಮರಗಳು. ಬೇಸಿಗೆಯಲ್ಲಿ ಎಲೆ ತುಂಬಿಕೊಂಡು ಇಪ್ಪತ್ತು ಮಾರು ಆಚೆಯದೂ ಕಾಣದು. ಸೊಂಟದೆತ್ತರ ಬೆಳೆದ ತುರಿಕೆ ಗಿಡ ಬೇರೆ. ಲೈಮ್ ಎಂಬ ಕಾಯಿಲೆ ತರುವ ಉಣ್ಣೆಗಳೂ ಇರುವುದರಿಂದ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಮನೆಗೆ ಬಂದಮೇಲೆ ಮೈಯೆಲ್ಲ ಹುಡುಕಿ ನೋಡಿಕೊಳ್ಳಬೇಕು.

ದಿಕ್ಸೂಚಿ ಮೊಮ್ಮಗಳ ಕೈಯಲ್ಲಿತ್ತು. ಅದರಲ್ಲೂ ಒಂದು ಲೆಕ್ಕವಿದೆ. ನಮ್ಮ ಕರ್ನಾಟಕದಲ್ಲಿ ಅದರ ಮುಳ್ಳು ಹೆಚ್ಚುಕಡಿಮೆ ನಿಜವಾದ ಉತ್ತರವನ್ನೇ ತೋರಿಸುತ್ತದೆ. ಅಲ್ಲಿ ಸುಮಾರು 13 ಡಿಗ್ರಿ ಪಶ್ಚಿಮಕ್ಕೆ ವಾಲಿರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಒಂದು ಕಿಲೋಮೀಟರ್ ನಡೆದರೆ 200 ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಹೋಗಿರುತ್ತೀರಿ!

ಅಂತೂ ಕೂತು, ಎದ್ದು, ತುದಿ ಮುಟ್ಟಿದೆವು. ಸುತ್ತ ಮರಗಳೇ.

"ತಾತ, ಇಲ್ಲಿಂದ ಏನೂ ಕಾಣಿಸಲ್ವಲ್ಲ! ಮತ್ಯಾಕೆ ಬಂದ್ವಿ?" ಎಂದಳು ಮೊಮ್ಮಗಳು.

ಅಷ್ಟರಲ್ಲಿ ಒಂದು ಮರಕ್ಕೆ ಬಿಗಿದಿದ್ದ ಡಬ್ಬಿ ಕಂಡಿತು. ಒಳಗೊಂದು ಪುಸ್ತಕ, ಪೆನ್ಸಿಲು. ಬಂದವರು ಹೆಸರು, ತಾರೀಖು ಬರೆಯಬೇಕು. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಲೆಡ್ಜರ್ ಬರೆದವನಿಗೆ ಕೈ ತಡೆಯುತ್ತದೆಯೇ? ಪಕ್ಕದಲ್ಲಿ ನಿಂತು ಸಹಿ ತಾಳೆ ನೋಡುವ ಅಧಿಕಾರಿಯಿಲ್ಲ, ಆಡಿಟ್ ಇಲ್ಲ. ನಾಲ್ವರ ಹೆಸರನ್ನೂ ಕನ್ನಡದಲ್ಲೇ ಬರೆದೆ.

ಆಗ ದೂರದಲ್ಲಿ ಗುಡುಗಿತು. ಮಗಳಿಗೆ ಗಾಬರಿ. ಎದುರಿಗೆ ಇಳಿಜಾರು ಹಿತವಾಗಿ ಕಂಡಿತು. "ಇಲ್ಲೇ ಬೇಗ ಇಳಿದುಬಿಡೋಣ" ಎಂದು ಎರಡು ಹೆಜ್ಜೆ ಇಟ್ಟೂಬಿಟ್ಟಳು. "ಅಮ್ಮಾ, ನಿಲ್ಲು. ಅದು ಪಶ್ಚಿಮ. ನಮ್ಮ ಕಾರು ಪೂರ್ವಕ್ಕಿದೆ" ಎಂದು ಮೊಮ್ಮಗಳು ಅಂಗೈ ಮೇಲಿನ ದಿಕ್ಸೂಚಿ ತೋರಿಸಿದಳು. ಆ ಕಡೆ ಇಳಿದಿದ್ದರೆ ಬೇರೆಯದೇ ಕಣಿವೆ. ಮಳೆಯಲ್ಲಿ, ನನ್ನ ಮಂಡಿನೋವಿನಲ್ಲಿ, ಮತ್ತೆ ಬೆಟ್ಟ ಹತ್ತಿ ಬರುವ ಮಾತೇ ಇರಲಿಲ್ಲ. ಅವಳ ಹಿಂದೆ ಹಿರಿಯರು ಮೂವರೂ ಸಾಲಾಗಿ ಇಳಿದೆವು. ಮಳೆಗೆ ಪೂರ್ತಿ ನೆನೆದು ಒಂದೂವರೆ ಗಂಟೆಯಲ್ಲಿ ರಸ್ತೆಗೆ ಬಂದೆವು.

ದಾರಿಯಿಲ್ಲದ ಬೆಟ್ಟದ ಗುಟ್ಟು ಇದೇ. ಹತ್ತುವಾಗ ಯಾವ ಕಡೆಯಿಂದ ಹೊರಟರೂ ಎತ್ತರದ ಕಡೆಗೆ ನಡೆಯುತ್ತಿದ್ದರೆ ಕೊನೆಗೆ ಸೇರುವುದು ಒಂದೇ ತುದಿ. ಇಳಿಯುವಾಗ ಆ ಒಂದು ತುದಿಯಿಂದ ನೂರು ಕಡೆಗೆ ಹೋಗಬಹುದು. ಅದಕ್ಕೇ ಇಳಿಯುವ ಮೊದಲು ನಿಂತು ನೋಡಬೇಕು.

ನಮ್ಮ ಕಾಡುಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ, ದಾರಿ ಬಿಡುವಂತಿಲ್ಲ, ಆನೆಗಳಿವೆ, ಜೋಕೆ. ದಿಕ್ಸೂಚಿ ಕಲಿಯಲು ಶಾಲೆಯ ಮೈದಾನವೇ ಸಾಕು. ಅಜ್ಜಿ ತಾತಂದಿರನ್ನು ಒಂದು ಕಡೆ ಕೂರಿಸಿ, ಪಶ್ಚಿಮಕ್ಕೆ, ಅಂದರೆ 270 ಡಿಗ್ರಿಗೆ, ನೂರು ಹೆಜ್ಜೆ ನಡೆಯಿರಿ. ಅದರಲ್ಲಿ 180 ಕಳೆದರೆ 90. ಈಗ ತಲೆ ಎತ್ತದೆ, ಮುಳ್ಳನ್ನಷ್ಟೇ ನೋಡುತ್ತಾ 90 ಡಿಗ್ರಿಗೆ ಮತ್ತೆ ನೂರು ಹೆಜ್ಜೆ ಹಾಕಿ. ಅಜ್ಜಿಯ ಕಾಲ ಬುಡಕ್ಕೇ ಬಂದು ನಿಂತರೆ ನೀವು ಪಾಸು!